ಶಿಫಾರಸಿನ ಕೊನೆಯ ಸಾಲು

ನಗಬಾರದಿತ್ತು. ನಕ್ಕಿದ್ದೂ ಹೋಗಲಿ, ಎಲ್ಲರಿಗಿಂತ ಜೋರಾಗಿ ನಗಬಾರದಿತ್ತು ಎಂದುಕೊಳ್ಳುತ್ತ ತಿರುನಾರಾಯಣ ಗಲ್ಲಕ್ಕೆ ಸೋಪು ಹಚ್ಚಿಕೊಂಡ. ಬಚ್ಚಲುಮನೆಯ ಕಿಟಕಿಗೆ ಸಿಕ್ಕಿಸಿದ್ದ ಕನ್ನಡಿಯಲ್ಲಿ ಒಂದು ಸಲಕ್ಕೆ ಅರ್ಧ ಮುಖ ಮಾತ್ರ ಕಾಣುತ್ತಿತ್ತು, ಇವತ್ತು ಅದೇ ವಾಸಿ ಎನಿಸಿತು. ನಿನ್ನೆ ಸಂಜೆ ನಡುಮನೆಯಲ್ಲಿ, ಹೆಂಡತಿ ಗೋದಾ ಕೊಟ್ಟ ಪುಳಿಯೋಗರೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಮಾತು ತೆಗೆದವನು ಚಕ್ರಪಾಣಿ. ತಿರುನಾರಾಯಣನ ಹಳೆಯ ವಿದ್ಯಾರ್ಥಿ ಅವನು. ಈಗ ಅಮೆರಿಕದ ಯಾವುದೋ ಯೂನಿವರ್ಸಿಟಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾನೆ, ಪಿಎಚ್.ಡಿ.ಗೆ ಯಾರನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸುವ ಕಮಿಟಿಯಲ್ಲಿದ್ದಾನೆ, ರಜೆಗೆ ಬಂದಾಗ ಎನ್.ಆರ್. ಕಾಲೋನಿಗೆ ಬಂದು ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡುವುದನ್ನು ತಪ್ಪಿಸುವುದಿಲ್ಲ. “ನಮ್ಮೂರಿನ ಮೇಷ್ಟ್ರುಗಳ ಕಾಗದ ಬಂತು ಅಂದ್ರೆ ಸಾಕು ಸಾರ್, ಕಮಿಟೀಲಿ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ,” ಎಂದಿದ್ದ. “ಹುಡುಗ ವಿಧೇಯ, ಹುಡುಗ ಶ್ರಮಜೀವಿ, ನಡತೆ ಒಳ್ಳೇದು. ಇವರೇನು ಅಡುಗೆಯವನನ್ನ ಕಳಿಸ್ತಿದಾರಾ ಅಂತ ಒಬ್ಬ ಕೇಳೇಬಿಟ್ಟ. ಅಲ್ಲಿ ಶ್ರಮಜೀವಿ ಅಂದ್ರೆ ದಡ್ಡ ಅಂತ ತಗೋತಾರೆ ಸಾರ್. ವಿಧೇಯ ಅಂದ್ರೆ ಸ್ವಂತ ಬುದ್ಧಿ ಇಲ್ಲ ಅಂತ. ಅಂಥ ಕಾಗದ ಇರೋ ಅರ್ಜೀನ ನಾವು ಎರಡನೇ ಸಲ ತೆಗೆದೂ ನೋಡಲ್ಲ.” ಗೋದಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ತಿರುನಾರಾಯಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುತ್ತ ನಗುತ್ತಲೇ ತಾನು ಬರೆದ ಕಾಗದವೊಂದು ನೆನಪಾಗಿ, ಅದು ಹೊರಗೆ ಕಾಣಬಾರದೆಂದು ಇನ್ನಷ್ಟು ನಕ್ಕ.

ಅಡುಗೆಯವನು ಎಂದಿದ್ದು ಯಾರ ಕಾಗದಕ್ಕೋ. ಹೋದ ವರ್ಷ ತನ್ನ ವಿದ್ಯಾರ್ಥಿನಿ ಗಂಗರತ್ನಮ್ಮನಿಗೆ ತಾನು ಬರೆದುಕೊಟ್ಟ ಕಾಗದವನ್ನು ಬೇರೆ ಯಾವುದೋ ಊರಿನ ಕಮಿಟಿ ಹೀಗೇ ಕೈಯಿಂದ ಕೈಗೆ ದಾಟಿಸಿ ನಕ್ಕಿರಬೇಕು. ‘ಬಡ ಕುಟುಂಬದಿಂದ ಬಂದವಳು. ಶ್ರಮಜೀವಿ. ತರಗತಿಗೆ ತಪ್ಪದೆ ಬರುತ್ತಾಳೆ. ವಿಧೇಯಳು, ನಡತೆ ಒಳ್ಳೆಯದು.’ ಸೀಟು ಸಿಗಲಿಲ್ಲ. ನೀರುಗಿಡಗಳ ಬೇರಿನ ಮೇಲೆ ಕೆಲಸ ಮಾಡುವ ಪ್ರೊಫೆಸರು ಅಲ್ಲಿ ಒಬ್ಬರಿದ್ದಾರೆಂದು ಅವಳು ಈ ವರ್ಷವೂ ಅಲ್ಲಿಗೇ ಅರ್ಜಿ ಹಾಕುತ್ತಿದ್ದಾಳೆ. ಹೊರದೇಶಕ್ಕೆ ಹೋಗಿ ಓದಲು ಅವಳಿಗೆ ಸರ್ಕಾರದ ವಿದ್ಯಾರ್ಥಿವೇತನ ಮಂಜೂರಾಗಿತ್ತು. ಸೀಟು ಸಿಗದಿದ್ದಾಗ ಅದನ್ನು ಒಂದು ವರ್ಷ ತಡೆಹಿಡಿದಿದ್ದರು, ಈ ಸಲವೂ ಸಿಗದಿದ್ದರೆ ರದ್ದು. ಕಾಗದ ಇವತ್ತಿನ ಟಪಾಲಿಗೆ ಬೀಳಬೇಕು. ಮಧ್ಯಾಹ್ನ ಬರ್ತೀನಿ ಸಾರ್ ಎಂದಿದ್ದಾಳೆ. ವಿದ್ಯಾರ್ಥಿವೇತನದ ಸುದ್ದಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಯಾರೋ, “ಅವರಿಗೇನು ಬಿಡಿ, ಸರ್ಕಾರ ಎತ್ತಿ ಕೂರಿಸತ್ತೆ,” ಎಂದಿದ್ದರು. ತಿರುನಾರಾಯಣ ಕಾಫಿ ಲೋಟದೊಳಗೆ ಹೂಂ ಎಂದಿದ್ದ. ಆ ಹೂಂ ಯಾರಿಗೂ ಕೇಳಿಸಿರಲಿಕ್ಕಿಲ್ಲ ಎಂದು ಆಗ ಅಂದುಕೊಂಡಿದ್ದ. ತನಗೇ ಇಷ್ಟು ದಿನ ಕೇಳಿಸಿರಲಿಲ್ಲ ಎಂದು ಈಗ ಮುಖ ತೊಳೆಯುವಾಗ ಹೊಳೆಯಿತು.

ಮೇಜಿನ ಮುಂದೆ ಕೂತ. ಕಾಗದದ ತಲೆಯ ಮೇಲೆ ತಾರೀಖು ಬರೆದ, ಅವಳ ಹೆಸರು ಬರೆದ, ಅಲ್ಲಿಗೆ ಪೆನ್ನು ನಿಂತಿತು. ಹೆಸರಿನ ಮುಂದೆ ಹಳೆಯ ಮಾತುಗಳೇ ಸಾಲಾಗಿ ಬಂದು ನಿಲ್ಲುತ್ತಿದ್ದವು. ಅವನ್ನು ಅಟ್ಟಿದರೆ ಅಲ್ಲಿ ಏನೂ ಇರಲಿಲ್ಲ. ಎರಡು ವರ್ಷ ಪಾಠ ಹೇಳಿದ್ದಾನೆ, ಅವಳ ಎಂ.ಎಸ್ಸಿ. ಪ್ರೌಢಪ್ರಬಂಧಕ್ಕೆ ಮಾರ್ಗದರ್ಶಕ ಎಂದು ಸಹಿ ಹಾಕಿದ್ದಾನೆ. ಕೊನೆಯ ಬೆಂಚು, ಎಣ್ಣೆ ಹಚ್ಚಿ ಬಿಗಿದ ಜಡೆ, ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ ಕತ್ತು ಇಷ್ಟು ನೆನಪಾಯಿತು. ಮುಖ ನೆನಪಾಗಬೇಕಾದರೆ ಕಷ್ಟಪಡಬೇಕಾಯಿತು. ಬಾಗಿಲಲ್ಲಿ ಗೋದಾ ಬಂದು ನಿಂತಳು.

“ಅನ್ನ ಆರಿ ಕಲ್ಲಾಯ್ತು. ಒಂದು ಕಾಗದಕ್ಕೆ ಇಷ್ಟು ಹೊತ್ತಾ? ಚಕ್ರಪಾಣಿಗೆ ಕೊಟ್ಟಾಗ ಕಾಫಿ ಆರೋಕ್ಕೆ ಮುಂಚೆ ಮುಗಿಸಿದ್ರಿ.”

“ಅದು ಅವನೇ ಬರ್ಕೊಂಡು ಬಂದಿದ್ದ. ನಾನು ಸಹಿ ಹಾಕಿದೆ, ಅಷ್ಟೆ.”

“ಇವಳಿಗೂ ಬರ್ಕೊಂಡು ಬಾ ಅನ್ನಬೇಕಿತ್ತು.”

“ಅಂದೆ. ಅದು ಹೇಗೆ ಸಾರ್, ನೀವು ನನ್ನ ಬಗ್ಗೆ ಏನು ಅಂದ್ಕೊಂಡಿದೀರೋ ಅದನ್ನೇ ಬರೀರಿ ಅಂದ್ಲು.”

“ಹಾಗಾದ್ರೆ ಅದನ್ನೇ ಬರ್ದು ಊಟಕ್ಕೆ ಏಳಿ,” ಎಂದು ಗೋದಾ ಒಳಗೆ ಹೋದಳು. ಅವಳ ಮಾತಿನಲ್ಲಿ ಕುಹಕವೇನೂ ಇರಲಿಲ್ಲ, ಆದರೆ ತಿರುನಾರಾಯಣ ಕುರ್ಚಿಯಲ್ಲಿ ಸರಿದು ಕೂತ. ಅಂದುಕೊಂಡದ್ದನ್ನೇ ಬರೆದಿದ್ದೆನಲ್ಲ. ಬೇರೆಯವರು ಬರೆದು ತಂದಾಗ ತನಗೆ ಯಾವ ಮಾತೂ ಹೆಚ್ಚೆನಿಸುವುದಿಲ್ಲ. ಚಕ್ರಪಾಣಿ ತನ್ನನ್ನು ತಾನೇ ‘ನನ್ನ ವೃತ್ತಿಜೀವನದಲ್ಲಿ ಕಂಡ ಅತ್ಯಂತ ಚುರುಕು ಬುದ್ಧಿ’ ಎಂದು ಬರೆದುಕೊಂಡು ಬಂದಿದ್ದ. ಅದನ್ನು ಓದಿ, ಇದ್ದರೂ ಇರಬಹುದು ಎನಿಸಿ, ಕನ್ನಡಕ ಒರೆಸಿಕೊಂಡು ಸಹಿ ಮಾಡಿದ್ದ. ಹುಡುಗನ ಚಿಕ್ಕಪ್ಪ ಸಹೋದ್ಯೋಗಿ, ಮನೆ ಪಕ್ಕದ ರಸ್ತೆಯಲ್ಲಿ, ಪುಳಿಯೋಗರೆ ಇಷ್ಟ ಎಂಬುದು ಗೋದಾಗೂ ಗೊತ್ತು. ಗಂಗರತ್ನಮ್ಮನ ಕಾಗದವನ್ನು ಯಾರೂ ಬರೆದು ತಂದಿರಲಿಲ್ಲ, ಪೆನ್ನು ತಾನಾಗಿ ಓಡಿತ್ತು, ಓಡಿ ‘ವಿಧೇಯಳು’ ಎಂಬಲ್ಲಿಗೆ ಹೋಗಿ ನಿಂತಿತ್ತು. ಆಗ ತನ್ನ ಗುರುಗಳನ್ನು ನೆನೆದುಕೊಂಡಿದ್ದೂ ಉಂಟು. ಅವರು ಇವನಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ‘ಕೆಲಸ ತೃಪ್ತಿಕರ’ ಎಂಬುದೊಂದೇ ಹೊಗಳಿಕೆ, ಅದನ್ನು ಬಿಚ್ಚಿ ಮಡಿಸಿ ಮತ್ತೆ ಬಿಚ್ಚಿ ಓದಿದ್ದ. ಅರವತ್ತಕ್ಕೆ ಫಸ್ಟ್ ಕ್ಲಾಸು, ಎಪ್ಪತ್ತು ಕೊಟ್ಟ ಮೇಷ್ಟ್ರಿಗೆ ತಲೆ ಕೆಟ್ಟಿದೆ ಎನ್ನುವ ಯೂನಿವರ್ಸಿಟಿಯಲ್ಲಿ ಕೂದಲು ಬೆಳ್ಳಗಾದವನು. ಹಾಗಾಗಿ ಅಮೆರಿಕದ ಫಾರಮ್ಮಿನಲ್ಲಿ ‘ಅತ್ಯುತ್ತಮ’, ‘ಉತ್ತಮ’ ಎಂಬ ಚೌಕದ ಮನೆಗಳನ್ನು ಬಿಟ್ಟು ಮೂರನೆಯದಕ್ಕೆ ಗುರುತು ಹಾಕಿ, ಧಾರಾಳವಾಗಿಯೇ ಹಾಕಿದೆ ಎಂದುಕೊಂಡಿದ್ದ. ಈ ಸಮಾಧಾನ ಬೆಳಗಿನಿಂದ ಒಂದೆರಡು ಸಲ ಕೆಲಸಕ್ಕೆ ಬಂತು. ಆಮೇಲೆ ಚಕ್ರಪಾಣಿಯ ಫಾರಮ್ಮಿನಲ್ಲಿ ಮೊದಲನೆಯ ಮನೆಗೇ ಗುರುತು ಹಾಕಿದ್ದು ನೆನಪಾಗಿ ಅದೂ ಹೋಯಿತು. ಅಜ್ಞಾನ ಎನ್ನುವಂತಿಲ್ಲ. ಅರ್ಜಿಯಲ್ಲಿ ತಂದೆಯ ಹೆಸರು ಮುನಿರಾಮಪ್ಪ ಎಂದು ಓದಿದ ಕ್ಷಣದಲ್ಲೇ ಈ ಹುಡುಗಿಯ ಹೊಗಳಿಕೆ ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆಯೊಂದು ಒಳಗೆ ಬಿದ್ದಿತ್ತು. ಅದನ್ನು ತಾನು ಎಳೆಯಲಿಲ್ಲ, ಅದು ಮೊದಲಿನಿಂದ ಅಲ್ಲಿತ್ತು. ಎಳೆಯಲಿಲ್ಲ ಎಂಬುದು ಸಮಾಧಾನವೂ ಅಲ್ಲ.

ಊಟ ಸೇರಲಿಲ್ಲ. ಬೀರುವಿನ ಮೇಲಿನ ಧೂಳು ತಿಂದ ರಾಶಿಯಿಂದ ಅವಳ ಪ್ರೌಢಪ್ರಬಂಧ ಎಳೆದು ತೆಗೆದ. ಕೆಂಪಾಂಬುಧಿ ಕೆರೆಯಲ್ಲಿ ತೇಲುವ ಅಂತರಗಂಗೆ ಗಿಡದ ಬೇರುಗಳು. ಆ ವಿಷಯ ಕೊಟ್ಟವನು ಅವನೇ, ಚಾಮರಾಜಪೇಟೆಯಿಂದ ಬರುವ ಹುಡುಗಿಗೆ ಕೆರೆ ಹತ್ತಿರವಾಗುತ್ತದೆ ಎಂಬುದಷ್ಟೇ ಕಾರಣ. ಪುಟ ತಿರುಗಿಸುತ್ತ ಹೋದ. ಬೇರನ್ನು ಕ್ಯಾರೆಟ್ಟಿನ ನಡುವೆ ಸಿಕ್ಕಿಸಿ ರೇಜರಿನಲ್ಲಿ ಕೊಯ್ದು, ಬಿಲ್ಲೆಗಳಲ್ಲಿ ತೀರಾ ತೆಳುವಾದದ್ದನ್ನು ಆರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದ ಚಿತ್ರಗಳು. ಒಂದು ಪುಟದ ಅಂಚಿನಲ್ಲಿ ಅವನದೇ ಕೆಂಪು ಪೆನ್ಸಿಲ್ಲಿನ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇತ್ತು. ನೋಡಿದ ಕೂಡಲೇ ಪ್ರಯೋಗಾಲಯದ ಸ್ಪಿರಿಟ್ಟಿನ ವಾಸನೆ ಬಂದಂತಾಯಿತು. ಅವಳು ಸ್ಟೂಲಿನ ಪಕ್ಕ ನಿಂತಿದ್ದಾಳೆ. “ಸಾರ್, ಮೋರಿ ನೀರು ಬೀಳೋ ಮೂಲೆಯ ಬೇರಲ್ಲಿ ಗಾಳಿ ತುಂಬೋ ಪೊಳ್ಳುಗಳು ಪುಸ್ತಕದಲ್ಲಿ ಇದ್ದ ಹಾಗಿಲ್ಲ. ಸಣ್ಣವಾಗಿವೆ, ಒತ್ತೊತ್ತಾಗಿವೆ.” ಅವನು ನೋಡಿದ. ಪುಸ್ತಕದ ಹಾಗೆ ಇರಲಿಲ್ಲ, ನಿಜ. “ಕೊಯ್ಯೋವಾಗ ಜಜ್ಜಿ ಹೋಗಿರತ್ತಮ್ಮ. ಪುಸ್ತಕದಲ್ಲಿರೋ ಹಾಗೆ ಬರಿ.” “ಹೂಂ ಸಾರ್” ಎಂದಳು. ಮುಂದಿನ ವಾರವೆಲ್ಲ ಸೊಂಟದವರೆಗೆ ನೀರಿಗಿಳಿದು ಕೆರೆಯ ನಾಲ್ಕೂ ದಡದ ಬೇರು ತಂದು ಕೊಯ್ಯುತ್ತ ಕೂತಳು, ಯಾರೂ ಹೇಳಿರಲಿಲ್ಲ. ಕೊನೆಗೆ ಪ್ರಬಂಧದಲ್ಲಿ ತಾನು ಕಂಡದ್ದನ್ನೇ ಬರೆದಳು. ಮಾರ್ಗದರ್ಶಕರು ಹೇಳಿದ್ದನ್ನಲ್ಲ. ಒಂದು ಮಾತು ಎದುರಾಡಲಿಲ್ಲ, ಕೇಳಲೂ ಇಲ್ಲ, ಸುಮ್ಮನೆ ಕಂಡದ್ದನ್ನು ಬರೆದಿಟ್ಟಳು. ಅವನು ಆ ಪುಟದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮಾತಾಡದೆ, ಅಂಕ ಕೊಟ್ಟು ಮುಗಿಸಿದ. ಮಾತಾಡಿದ್ದರೆ ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದಾದ ಮೇಲೆ ಇವಳನ್ನು ವಿಧೇಯಳು ಎಂದು ಬರೆದೆನಲ್ಲ, ಬರೆಯುವಾಗ ಕೈ ಒಂದು ಚೂರೂ ತಡೆಯಲಿಲ್ಲವಲ್ಲ ಎಂದು ತಿರುನಾರಾಯಣನಿಗೆ ನಿಜವಾಗಿ ನಾಚಿಕೆಯಾಯಿತು. ನಾಚಿಕೆ ಎಂದರೆ ಕಿವಿ ಬಿಸಿಯಾಗುವ ನಾಚಿಕೆ, ಹುಡುಗನಾಗಿದ್ದಾಗ ಅಂಗಡಿಯಲ್ಲಿ ಸಕ್ಕರೆ ಬಾಯಿಗೆ ಹಾಕಿಕೊಂಡು ಸಿಕ್ಕಿಬಿದ್ದಾಗ ಆದಂಥದ್ದು.

ಆಮೇಲೆ ಬರವಣಿಗೆ ಕಷ್ಟವಾಗಲಿಲ್ಲ, ಒಂದು ಸಾಲನ್ನು ಬಿಟ್ಟರೆ. ಅಲ್ಲಿನ ಫೈಲಿನಲ್ಲಿ ಹೋದ ವರ್ಷದ ಕಾಗದ ಇದ್ದೇ ಇರುತ್ತದೆ. ಮೂರನೆಯ ಮನೆಯ ಹುಡುಗಿ ಒಂದು ವರ್ಷದಲ್ಲಿ ಮೊದಲನೆಯ ಮನೆಗೆ ಹೇಗೆ ಹೋದಳು ಎಂದು ಯಾರಾದರೂ ಕೇಳುತ್ತಾರೆ. ಎರಡನ್ನೂ ಒಟ್ಟಿಗಿಟ್ಟುಕೊಂಡು, ಈ ಮೇಷ್ಟ್ರು ಆಗ ಸುಳ್ಳು ಹೇಳಿದರೋ ಈಗಲೋ ಎಂದು ನಗುತ್ತಾರೆ. ಮೊದಲ ಕಾಗದ ತಪ್ಪು ಎಂದು ತಾನೇ ಬರೆಯದೆ ಎರಡನೆಯದಕ್ಕೆ ಬೆಲೆಯಿಲ್ಲ. ಪ್ರೊಫೆಸರ್ ತಿರುನಾರಾಯಣ ತನ್ನ ವಿದ್ಯಾರ್ಥಿನಿಯನ್ನು ಸರಿಯಾಗಿ ನೋಡಿರಲಿಲ್ಲ ಎಂದು ತನ್ನದೇ ಲೆಟರ್‌ಹೆಡ್ಡಿನಲ್ಲಿ, ತನ್ನದೇ ಸಹಿಯ ಮೇಲೆ. ಎದ್ದು ಹೋಗಿ ನೀರು ಕುಡಿದ. ಬಂದು ಕೂತ. ಪ್ರೊಫೆಸರ್ ಎನ್ನಿಸಿಕೊಂಡವನಿಗೆ ಇನ್ನೊಬ್ಬರ ಬದುಕಿಗಿಂತ ತನ್ನ ಒಂದು ಸಾಲು ಇಷ್ಟು ದುಬಾರಿಯಾಗಬಾರದು ಎಂದು ತನ್ನನ್ನೇ ಬೈದುಕೊಂಡ. ಬರೆದ: ‘ಹೋದ ವರ್ಷ ಈ ಅಭ್ಯರ್ಥಿಯ ಬಗ್ಗೆ ನಾನು ಬರೆದ ಕಾಗದ ತಪ್ಪು. ಅವಳನ್ನು ವಿಧೇಯಳು ಎಂದು ಕರೆದಿದ್ದೆ. ನಾನು ಹೇಳಿದ್ದನ್ನು ಅವಳು ಕೇಳಲಿಲ್ಲ, ಕಣ್ಣಿಗೆ ಕಂಡದ್ದನ್ನು ಬರೆದಳು. ಅವಳದೇ ಸರಿ. ನನ್ನ ಇಷ್ಟು ವರ್ಷದ ವಿದ್ಯಾರ್ಥಿಗಳಲ್ಲಿ ಹಾಗೆ ಮಾಡಿದವರು ಇನ್ನೊಬ್ಬರಿಲ್ಲ.’ ಮುಂದೆ ಕೆರೆಯ ಬೇರುಗಳ ವಿಷಯ, ಅವಳ ಕೈಕೆಲಸದ ವಿಷಯ ಹರಿದು ಬಂತು. ಫಾರಮ್ಮಿನಲ್ಲಿ ಮೊದಲನೆಯ ಮನೆಗೆ ಗುರುತು ಹಾಕಿದ. ಉಳಿದಿದ್ದ ಒಂದೇ ಲೆಟರ್‌ಹೆಡ್ಡು ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಟೈಪ್ ಮಾಡಿಸಲು ಹೊರಟಾಗ, ಏನೋ ಗೆದ್ದವನಂತೆ ಎದೆ ಹಗುರವಾಗಿತ್ತು.

ಕಡಲೆಕಾಯಿ ಪರಿಷೆ ಮುಗಿದು ವಾರವಾಗಿದ್ದರೂ ಬುಲ್ ಟೆಂಪಲ್ ರಸ್ತೆಯ ಅಂಚಿನಲ್ಲಿ ಸಿಪ್ಪೆ ಕಾಲಿಗೆ ಸಿಗುತ್ತಿತ್ತು. ಗಾಂಧಿಬಜಾರಿನಲ್ಲಿ ಹೂವಿನಂಗಡಿಯ ಮೇಲಿನ ಕೋಣೆ ಶೀನಣ್ಣನ ಟೈಪಿಂಗ್ ಇನ್‌ಸ್ಟಿಟ್ಯೂಟು. ಕಾಲೇಜಿನ ಮೇಷ್ಟ್ರುಗಳ ಕಾಗದಗಳೆಲ್ಲ ಅವನ ಕೈಮೇಲೇ ಹೋಗುವುದು. “ಬನ್ನಿ ಸಾರ್. ಶಿಫಾರಸು ತಾನೇ? ಹೆಸರು ಹೇಳ್ಬಿಡಿ, ಮಿಕ್ಕಿದ್ದು ನನಗೆ ಬಾಯಿಪಾಠ,” ಎಂದ. ಅವನು ಆ ಮಾತನ್ನು ಯಾವಾಗಲೂ ಅನ್ನುವುದೇ, ತಿರುನಾರಾಯಣ ಯಾವಾಗಲೂ ನಗುವುದೇ. ಇವತ್ತು ಮುಖ ಬಿಗಿಯಾಯಿತು.

“ಇದು ಬೇರೆ ಶೀನಣ್ಣ. ನೋಡ್ಕೊಂಡು ಹೊಡಿ.”

“ಅದಕ್ಕೇನಂತೆ. ಬೇಗ ಮುಗಿಸಿಬಿಡ್ತೀನಿ, ಮೆಜೆಸ್ಟಿಕ್‌ಗೆ ಹೋಗ್ಬೇಕು, ಪಿಕ್ಚರಿಗೆ ಟಿಕೆಟ್ ತೆಗೆಸಿದೀನಿ.”

ತಿರುನಾರಾಯಣ ಕಿಟಕಿಯ ಬಳಿ ನಿಂತ. ಕೆಳಗೆ ಹೆಂಗಸರು ಮೊಳ ಹಾಕಿಸಿಕೊಂಡು ಹೂವು ಕೊಳ್ಳುತ್ತಿದ್ದರು. ಬೆನ್ನ ಹಿಂದೆ ಟೈಪ್‌ರೈಟರ್ ಓಡುತ್ತಿತ್ತು, ಸಾಲು ಮುಗಿದಾಗ ಗಂಟೆ ಟಿಣ್ ಎನ್ನುತ್ತಿತ್ತು, ಪ್ರತಿ ಗಂಟೆಗೂ ತನ್ನ ಪಾಪದ ಒಂದೊಂದು ಪಾಲು ಕಳೆಯಿತು ಎನ್ನುವ ಹಾಗೆ ಅವನು ಕೇಳುತ್ತ ನಿಂತ. ಗಂಗರತ್ನಮ್ಮ ಅಲ್ಲಿ ಹೋಗಿ ದೊಡ್ಡ ವಿಜ್ಞಾನಿಯಾದದ್ದು, ಯಾವುದೋ ಸಭೆಯಲ್ಲಿ ತನ್ನ ಮೇಷ್ಟ್ರ ಹೆಸರು ಹೇಳಿದ್ದು ಎಲ್ಲ ಕಣ್ಣ ಮುಂದೆ ಬಂತು. ತಪ್ಪು ಒಪ್ಪಿಕೊಂಡ ಗಳಿಗೆಯಲ್ಲೇ ಅದಕ್ಕೆ ಬಡ್ಡಿ ಕೇಳುವ ಮನಸ್ಸು ಎಂಥದ್ದು ಎಂದು ಅಸಹ್ಯವೂ ಆಯಿತು. ಶೀನಣ್ಣ ಹಾಳೆ ಎಳೆದು ಕೊಟ್ಟ. “ಅವಸರದಲ್ಲಿ ನೀವು ಮರೆತ್ರೂ ನಾನು ಮರೆಯಲ್ಲ ಸಾರ್,” ಎಂದು ಹೆಮ್ಮೆಯಿಂದ ಹೇಳಿದ. ತಿರುನಾರಾಯಣ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ಸಾಲುಗಳು ಸರಿಯಾಗಿ ಬಿದ್ದಿವೆಯೇ ಎಂದಷ್ಟೇ ನೋಡಿದ, ಬಿದ್ದಿದ್ದವು. ಸಹಿ ಹಾಕಿ, ಫಾರಮ್ಮಿನ ಜೊತೆ ಕವರಿಗೆ ತುಂಬಿ, ಗೋಂದು ಹಚ್ಚಿ ಮುಚ್ಚಿ, ಮುಚ್ಚಿದ ಅಂಚಿನ ಮೇಲೆ ನಿಯಮದಂತೆ ಇನ್ನೊಂದು ಸಹಿ ಮಾಡಿದ. ಅಭ್ಯರ್ಥಿ ಒಳಗಿನದನ್ನು ನೋಡಬಾರದು.

ಮನೆಗೆ ಬರುವಷ್ಟರಲ್ಲಿ ಅವಳು ವರಾಂಡದ ಬೆತ್ತದ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಮುಖವನ್ನು ಇವತ್ತು ನೋಡಿದ. ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯೊಂದಿತ್ತು, ಅದನ್ನು ಎರಡು ವರ್ಷದಲ್ಲಿ ನೋಡಿರಲಿಲ್ಲ. “ಒಳಗೆ ಬಾಮ್ಮ,” ಎಂದ. ಚಕ್ರಪಾಣಿ ಕೂತಿದ್ದ ಕುರ್ಚಿಯನ್ನೇ ತೋರಿಸಿದ. ತೋರಿಸುವಾಗ ತಾನು ತೋರಿಸುತ್ತಿದ್ದೇನೆ ಎಂಬುದು ತನಗೇ ಗೊತ್ತಾಗಿ ಮುಜುಗರವಾಯಿತು. ಗೋದಾ ಕಾಫಿ ತಂದುಕೊಟ್ಟಳು. ಅವನು ಕವರು ಕೊಟ್ಟ. ಗಂಗರತ್ನಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು, ಏಳಲಿಲ್ಲ.

“ಸಾರ್, ಒಂದು ಮಾತು ಕೇಳ್ಬಹುದಾ? ತಪ್ಪು ತಿಳ್ಕೋಬಾರದು.”

“ಕೇಳು.”

“ಮೊನ್ನೆ ಚಕ್ರಪಾಣಿ ಸಾರ್ ಡಿಪಾರ್ಟ್‌ಮೆಂಟಲ್ಲಿ ಮಾತಾಡಿದ್ರು. ಅಂಕ ಯಾರಿಗೂ ಬೇಕಾಗಿಲ್ಲ, ಮೇಷ್ಟ್ರ ಕಾಗದ ಗಟ್ಟಿಯಾಗಿರ್ಬೇಕು ಅಂದ್ರು.” ಅವಳು ಕವರಿನ ಅಂಚನ್ನು ಬೆರಳಿನಿಂದ ಸವರಿದಳು. “ಇದು ಗಟ್ಟಿಯಾಗಿದೆಯಾ ಸಾರ್? ನನಗಿನ್ನು ಇನ್ನೊಂದು ಸಲ ಇಲ್ಲ.”

ಹೌದು ಎಂದರೆ ಸಾಕಿತ್ತು. ಹೌದು ಎಂದರೆ ಅವಳು ನಂಬುತ್ತಿದ್ದಳು, ಹೋದ ವರ್ಷವೂ ನಂಬಿದ್ದಳು. ತಿರುನಾರಾಯಣ ಕೈ ಚಾಚಿ ಕವರು ವಾಪಸ್ಸು ತೆಗೆದುಕೊಂಡ, ತನ್ನ ಸಹಿಯ ಮೇಲೆಯೇ ಬೆರಳು ಹಾಕಿ ಹರಿದ. “ಓದ್ಕೋ,” ಎಂದ. “ನೋಡ್ಬಾರದು ಅಲ್ವಾ ಸಾರ್?” “ಓದ್ಕೋ ಅಂದೆನಲ್ಲ.” ಅವಳು ಓದತೊಡಗಿದಳು. ಅವನು ಗೋಡೆಯ ಕ್ಯಾಲೆಂಡರು ನೋಡುತ್ತ ಕೂತ. ಅವಳ ಕಣ್ಣಲ್ಲಿ ನೀರು ಬರಬಹುದು, ಬಂದರೆ ಏನು ಹೇಳಬೇಕು ಎಂದು ಮಾತು ಹೊಂದಿಸಿಕೊಳ್ಳುತ್ತಿದ್ದ. ಅವಳು ಮೊದಲ ಸಾಲುಗಳಿಗೆ ಬಹಳ ಹೊತ್ತು ತೆಗೆದುಕೊಂಡಳು.

“ಹೋದ ವರ್ಷ ಹೀಗೆ ಬರೆದಿದ್ರಾ ಸಾರ್?”

“ಹೂಂ.”

“ನಮ್ಮಪ್ಪ ಆ ಕವರಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದೆ ಇಟ್ಟು ಪೋಸ್ಟ್ ಮಾಡಿದ್ರು.”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನು ಕ್ಷಮೆ ಕೇಳುತ್ತಿದ್ದ. ಮುನಿರಾಮಪ್ಪನನ್ನು ಅವನು ಕಂಡಿರಲಿಲ್ಲ. ಸರ್ಕಾರಿ ಮುದ್ರಣಾಲಯದಲ್ಲಿ ಕೆಲಸ ಎಂದಷ್ಟೇ ಗೊತ್ತಿತ್ತು. ಈಗ ಕೈಗಳು ಮಾತ್ರ ಕಂಡವು, ಅರಿಶಿನದ ಬೆರಳು, ಕವರಿನ ಮೂಲೆ. ಒಳಗೆ ಇದ್ದದ್ದು ಮಗಳ ಬಾಗಿಲು ಹಾಕುವ ಕಾಗದ. ಅವಳು ಮತ್ತೆ ಓದಲು ಬಗ್ಗಿದಳು, ಬೇರು ನೋಡುವಾಗ ಬಗ್ಗುತ್ತಿದ್ದ ಹಾಗೆ. ಕೆರೆಯ ವಿಷಯ ಬಂದಲ್ಲಿ ತುಟಿ ಸ್ವಲ್ಪ ಸಡಿಲವಾಯಿತು. ಕೊನೆಗೆ ಬಂದವಳು ಓದು ನಿಲ್ಲಿಸಿದಳು.

“ಸಾರ್, ಇಲ್ಲಿ ಇನ್ನೂ ಇದೆ.”

ಅವನು ಹಾಳೆ ಇಸಿದುಕೊಂಡು ನೋಡಿದ. ಅವನು ಬರೆದದ್ದೆಲ್ಲ ಮುಗಿದ ಮೇಲೆ, ಸಹಿಗೆ ಸ್ವಲ್ಪ ಮೇಲೆ, ಅಚ್ಚುಕಟ್ಟಾಗಿ ಒಂದು ಸಾಲು ಟೈಪಾಗಿತ್ತು. ‘ಇವಳು ವಿಧೇಯಳು, ನಡತೆ ಒಳ್ಳೆಯದು.’ ಕಾಗದ ಅರ್ಧಕ್ಕೆ ನಿಂತಿದೆ ಎಂದು ಶೀನಣ್ಣ ಎಂದಿನ ಕೊನೆಯನ್ನು ತಾನೇ ಸೇರಿಸಿದ್ದ. ನೀವು ಮರೆತರೂ ನಾನು ಮರೆಯಲ್ಲ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಆ ಸಾಲನ್ನು ಬಾಯಿಪಾಠ ಮಾಡಿಸಿದವನು ತಾನೇ. ಅದರ ಕೆಳಗೆ ಸಹಿ ಹಾಕಿದವನೂ ತಾನೇ. “ಶೀನಣ್ಣ ಹೊರಟುಹೋಗಿರ್ತಾನೆ. ಪೋಸ್ಟಾಫೀಸು ಮುಚ್ಚತ್ತೆ. ಬೇರೆ ಲೆಟರ್‌ಹೆಡ್ಡೂ ಮನೇಲಿಲ್ಲ,” ಎಂದು ತೊದಲಿದ. ತೊದಲುವಾಗ, ಪರವಾಗಿಲ್ಲ ಬಿಡಿ ಸಾರ್ ಎಂದು ಅವಳೇ ಅನ್ನಲಿ ಎಂದು ಕಾಯುತ್ತಿದ್ದ. ಯಾವಾಗಲೂ ಹಾಗೆ ಅನ್ನುವವಳೇ ಅವಳು ಎಂದು ಈಗಲೂ ಅಂದುಕೊಂಡಿದ್ದ.

“ಅದನ್ನ ಹೊಡೆದುಹಾಕಿ ಸಾರ್,” ಎಂದಳು ಗಂಗರತ್ನಮ್ಮ.

ಅವನು ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದ. ಕಚೇರಿಯ ಕಾಗದಗಳಲ್ಲಿ ತಿದ್ದಿದಾಗ ಮಾಡುವ ಹಾಗೆ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ. ಗೆರೆಯ ಅಡಿಯಿಂದ ಅಕ್ಷರಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು.

“ಇನ್ನೂ ಓದಕ್ಕೆ ಬರತ್ತೆ,” ಎಂದ. “ಪೂರ್ತಿ ಮಸಿ ಬಳಿದುಬಿಡ್ಲಾ?”

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಬೇಡ ಸಾರ್. ಹೊಡೆದಿದ್ದು ಕಾಣ್ಲಿ.”

ಹೊಸ ಕವರಿಗೆ ಅವಳೇ ಮಡಿಸಿ ಹಾಕಿದಳು, ಗೋಂದು ಹಚ್ಚಿದಳು, ಅಂಚಿನ ಮೇಲೆ ಸಹಿ ಮಾಡಲು ಅವನ ಮುಂದೆ ಇಟ್ಟಳು. ಅವನು ಮಾಡಿದ. “ಮನೆಗೆ ತಗೊಂಡ್ಹೋಗಿ ಬರೋಷ್ಟು ಹೊತ್ತಿದೆಯಾ?” ಎಂದು ಕೇಳಿದ. ಅರಿಶಿನ ಎನ್ನಲು ಬಾಯಿ ಬರಲಿಲ್ಲ. “ಇಲ್ಲ ಸಾರ್, ಈ ಸಲ ನೇರ ಪೋಸ್ಟಾಫೀಸಿಗೆ,” ಎಂದು ಚಪ್ಪಲಿ ಹಾಕಿಕೊಂಡಳು. ಗೇಟಿನವರೆಗೆ ಅವಳ ಹಿಂದೆ ಹೋದ. ಅವಳು ತಿರುಗಿ ಏನಾದರೂ ಅಂದಾಳೆಂದು ಬಹಳ ಹೊತ್ತು ಅಲ್ಲೇ ನಿಂತಿದ್ದ. ಅವಳು ಮೂಲೆಯಲ್ಲಿ ತಿರುಗಿಕೊಂಡು ಹೋದಳು. ಕಾಫಿ ಲೋಟ ತೆಗೆಯಲು ಬಂದ ಗೋದಾ, “ಅಂತೂ ಮುಗೀತಾ?” ಎಂದು ಒಳಗಿನಿಂದ ಕೇಳುತ್ತಿದ್ದಳು.